ರೋಗದ ಹೆಸರು ಬದಲಾದಾಗ

ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ನಮ್ಮ ಮೊಹಲ್ಲಾಗಳ ಎಷ್ಟೋ ಮನೆಗಳ ಬೀರುವಿನಲ್ಲಿ ಯಾರಿಗೂ ತೋರಿಸದ ಒಂದು ಕಡತವಿರುತ್ತದೆ. ಅದರಲ್ಲಿ ಮಗನ ಅಥವಾ ಮಗಳ ಚಿಕಿತ್ಸೆಯ ಚೀಟಿಗಳಿರುತ್ತವೆ. ಒಬ್ಬ ವೈದ್ಯರು ಖಿನ್ನತೆ ಎಂದು ಬರೆದರೆ ಇನ್ನೊಬ್ಬರು ಬೈಪೋಲಾರ್ ಎಂದು ಬರೆದಿರುತ್ತಾರೆ. ವಾರಕ್ಕೊಮ್ಮೆ ಮಾತನಾಡಿಸುವ ಆಪ್ತಸಮಾಲೋಚಕರು ಇದು ಹಳೆಯ ಆಘಾತದ ಫಲವೆನ್ನುತ್ತಾರೆ. ಆಗ ಮನೆಯಲ್ಲಿ ಏಳುವ ಮಾತು, "ಇವರಿಗೇ ಗೊತ್ತಿಲ್ಲ, ಗುಳಿಗೆ ನಿಲ್ಲಿಸಿಬಿಡು" ಎಂಬುದು. ನಾವು ಎಡವುವುದು ಇಲ್ಲಿಯೇ.

ಬಹುಪಾಲು ಮಾನಸಿಕ ಕಾಯಿಲೆಗಳನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ರೋಗಿ ಹೇಳಿದ್ದು, ಮನೆಯವರು ಕಂಡದ್ದು, ಕಾಲ ತೋರಿಸಿಕೊಟ್ಟದ್ದು ಇವೇ ಮುಖ್ಯ ಆಧಾರ. ಬೈಪೋಲಾರ್ ಕಾಯಿಲೆ ಅನೇಕರಲ್ಲಿ ಮೊದಲು ಖಿನ್ನತೆಯಾಗಿಯೇ ಕಾಣಿಸಿಕೊಳ್ಳುತ್ತದೆ; ಉನ್ಮಾದದ ಹಂತ ವರ್ಷಗಳ ನಂತರ ಬರಬಹುದು. ಥೈರಾಯ್ಡ್ ದೋಷವೂ ಖಿನ್ನತೆಯಂತೆ ತೋರಬಲ್ಲದು. ಆದ್ದರಿಂದ ಹೆಸರು ಬದಲಾದ ಮಾತ್ರಕ್ಕೆ ವೈದ್ಯರು ಅಜ್ಞಾನಿಗಳಾಗುವುದಿಲ್ಲ. ಹಾಗೆಂದು ಅದು ಉಪೇಕ್ಷಿಸಬಹುದಾದ ಸಂಗತಿಯೂ ಅಲ್ಲ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಔಷಧವನ್ನಷ್ಟೇ ಕೊಟ್ಟರೆ ಉನ್ಮಾದ ಕೆರಳುವ ಅಪಾಯವಿದೆ.

ಈ ವಿವೇಚನೆ ನಮ್ಮ ಪರಂಪರೆಗೆ ಹೊಸತಲ್ಲ. ಕ್ರಿ.ಶ. 934ರಲ್ಲಿ ನಿಧನರಾದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ ಅವರು ದೇಹ ಮತ್ತು ಮನಸ್ಸಿನ ಆರೋಗ್ಯದ ಕುರಿತ ತಮ್ಮ ಗ್ರಂಥದಲ್ಲಿ ದುಃಖವನ್ನು ಕಾರಣ ತಿಳಿದಿರುವುದು, ಕಾರಣ ತಿಳಿಯದಿರುವುದು ಎಂದು ಎರಡಾಗಿ ವಿಂಗಡಿಸಿ, ಅವುಗಳ ಚಿಕಿತ್ಸೆಯನ್ನೂ ಬೇರ್ಪಡಿಸಿದರು. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಶಮನವನ್ನು ಇರಿಸಿದ್ದಾನೆಂದು ಕಲಿಸಿದ ಪ್ರವಾದಿ(ಸ)ಯವರು ಚಿಕಿತ್ಸೆ ಪಡೆಯಲು ಆದೇಶಿಸಿದ್ದಾರೆ. ಹೀಗಿರುವಾಗ ರೋಗಿಯ ಈಮಾನನ್ನು ಅಳೆಯಲು ನಾವು ಯಾರು?

ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸಬಾರದು. ಚೀಟಿಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ ಒಬ್ಬ ಮನೋವೈದ್ಯರ ಮುಂದಿಡೋಣ. ಯಾವ ಲಕ್ಷಣದಿಂದ ಈ ನಿರ್ಣಯಕ್ಕೆ ಬಂದಿರಿ, ಹಿಂದಿನ ನಿರ್ಣಯ ಏಕೆ ಸರಿಹೊಂದಲಿಲ್ಲ ಎಂದು ವಿನಯದಿಂದ ಕೇಳೋಣ. ಕಾಯಿಲೆಯ ಸ್ವರೂಪವನ್ನೂ ಚಿಕಿತ್ಸೆಯ ಯೋಜನೆಯನ್ನೂ ತಿಳಿಯುವ ಹಕ್ಕನ್ನು, ತನ್ನ ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಗೆ ನೀಡಿದೆ. ರೋಗಿಯ ಒಪ್ಪಿಗೆಯಿದ್ದರೆ ಸಮಾಲೋಚಕರೂ ವೈದ್ಯರೂ ಪರಸ್ಪರ ಮಾತನಾಡಲಿ. ಸಂಶಯ ಉಳಿದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮಿಂದ ದೂರವಿಲ್ಲ. ಮನಸ್ಸು ತೀರಾ ಕುಸಿದ ರಾತ್ರಿಗಳಲ್ಲಿ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮಗಳ ಮದುವೆಗೆ ಅಡ್ಡಿಯಾದೀತೆಂಬ ಭಯದಿಂದಲೇ ಅನೇಕ ತಾಯಂದಿರು ಆ ಕಡತವನ್ನು ಅಡಗಿಸಿಡುತ್ತಾರೆ. ಆ ಭಯವನ್ನು ಹುಟ್ಟಿಸಿದವರು ವೈದ್ಯರಲ್ಲ, ನಾವು. ನಮ್ಮ ಖತೀಬರು ಒಂದು ಶುಕ್ರವಾರವಾದರೂ ಮಿಂಬರಿನಿಂದ ಈ ವಿಷಯ ಮಾತನಾಡಲಿ. ದುಆ ಮಾಡುತ್ತಲೇ ಗುಳಿಗೆ ನುಂಗುವ ಮಗಳು ತವಕ್ಕುಲ್‌ನಿಂದ ದೂರ ಸರಿದವಳಲ್ಲವೆಂದು ಆಕೆಗೂ, ಆಕೆಯ ಮನೆಯವರಿಗೂ ಕೇಳಿಸಲಿ. ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ಕರುಣಿಸಲಿ, ಆಮೀನ್.