ಶೀಟು ಮನೆಯ ಕಾವಿಗೆ ಮೊದಲು ಸುಣ್ಣ, ಆಮೇಲೆ ಬೆಳ್ಳಿಹಾಳೆ

ದೇವನಹಳ್ಳಿ ತಾಲೂಕಿನ ನಮ್ಮ ಚನ್ನರಾಯಪಟ್ಟಣ ಹೋಬಳಿಯಲ್ಲಿ ಹೆಂಚು ಇಳಿಸಿ ಶೀಟು ಹೊದಿಸಿದ ಮನೆಗಳು ಬೇಕಾದಷ್ಟಿವೆ. ಕೋತಿ ಕಾಟ ತಪ್ಪಿತು, ಸೋರುವುದು ನಿಂತಿತು, ಸರಿ. ಆದರೆ ಮಾರ್ಚ್ ಬಂತೆಂದರೆ ಮಧ್ಯಾಹ್ನ ಒಳಗೆ ಕೂರುವ ಹಾಗಿಲ್ಲ. ಅಟ್ಟವಂತೂ ಕಾದ ಕಾವಲಿ. ವಯಸ್ಸಾದವರು, ಬಾಣಂತಿ, ಕೂಸು ಎಲ್ಲಿ ಮಲಗಬೇಕು? ರೇಷ್ಮೆ ಸಾಕುವವರ ಪಾಡು ಇನ್ನೂ ಕಷ್ಟ. ದೊಡ್ಡ ಹುಳಕ್ಕೆ 24-25 ಡಿಗ್ರಿ ಇದ್ದರೆ ಸರಿ. ಕಾವು ಏರಿದರೆ ಬೆಳೆಯೇ ಕೈಕೊಡುತ್ತೆ.

ಈಗ ಅಂಗಡಿಗಳಲ್ಲಿ ಅಲ್ಯೂಮಿನಿಯಂ ಹಾಳೆಯ ಸುರುಳಿ ಸಿಗುತ್ತದೆ. ‘ಶೀಟಿನಡಿ ಹಾಕಿ, ಮನೆ ಎ.ಸಿ. ಆಗುತ್ತೆ’ ಅನ್ನೋರಿದ್ದಾರೆ. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಒಲೆ ಮುಂದೆ ಕೂತರೆ ಬೆಂಕಿ ಮುಟ್ಟದೆಯೇ ಮುಖ ಕಾಯುತ್ತದಲ್ಲ, ಕಾದ ಶೀಟೂ ಹಾಗೇ ಕೆಳಕ್ಕೆ ಝಳ ಬಿಡುತ್ತದೆ. ಚೊಕ್ಕಟ ಅಲ್ಯೂಮಿನಿಯಂ ಈ ಝಳದಲ್ಲಿ ನೂರಕ್ಕೆ ಸುಮಾರು 95 ಭಾಗ ವಾಪಸು ಕಳಿಸುತ್ತದೆ, ತಾನೂ ಕಡಿಮೆ ಬಿಡುತ್ತದೆ. ಉಪಗ್ರಹಕ್ಕೆ ಹೊಳೆಯುವ ಹಾಳೆ ಸುತ್ತುವುದೂ ಇದಕ್ಕೇ.

ಆದರೆ ಹೊಳೆಯುವ ಮೈಗೆ ಎದುರಾಗಿ ಒಂದು ಅಂಗುಲವಾದರೂ ಗಾಳಿಯ ಸಂದಿ ಬೇಕು. ಶೀಟಿಗೂ ಕೆಳಗಿನ ಹಲಗೆಗೂ ನಡುವೆ ಒತ್ತಿ ಬಡಿದರೆ ದುಡ್ಡು ದಂಡ, ಕಾವು ಮುಟ್ಟಿಕೊಂಡೇ ಇಳಿಯುತ್ತದೆ. ಒಂದೇ ಮೈ ಹೊಳೆಯುವ ಹಾಳೆಯಾದರೆ ಆ ಮೈ ಕೆಳಗಿರಲಿ. ಮೇಲಿದ್ದರೆ ಧೂಳು ಕೂತು ಹೊಳಪು ಸಾಯುತ್ತದೆ. ಬಿಸಿಗಾಳಿ ಹೋಗಲು ನೆತ್ತಿಯಲ್ಲಿ ಕಿಂಡಿ ಬಿಡಿ. ಹಾಳೆ ಕರೆಂಟ್ ತಂತಿಗೆ ತಾಗಬಾರದು. ಕಲ್ನಾರು ಶೀಟಾದರೆ ಕೊರೆಯಬೇಡಿ, ಉಜ್ಜಬೇಡಿ; ಅದರ ಧೂಳು ಶ್ವಾಸಕೋಶಕ್ಕೆ ವಿಷ.

ನನ್ನ ಮಾತಿಷ್ಟೆ: ಬಿಸಿಲನ್ನು ಒಳಗೆ ತಡೆಯುವುದಕ್ಕಿಂತ ಮೇಲೇ ತಡೆಯುವುದು ಲೇಸು. ಬೇಸಿಗೆಗೆ ಮುಂಚೆ ಶೀಟಿನ ಮೇಲೆ ಸುಣ್ಣ ಬಳಿಯಿರಿ. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ತಳ್ಳಿದರೆ ಶೀಟು ಕಾಯುವುದೇ ಕಡಿಮೆ. ಹತ್ತುವಾಗ ಬರೀ ಶೀಟಿನ ಮೇಲೆ ಕಾಲಿಡಬೇಡಿ, ಅಡ್ಡ ಹಲಗೆ ಹಾಕಿಕೊಳ್ಳಿ. ಮಳೆಗೆ ತೊಳೆದುಹೋಗುತ್ತೆ, ನಿಜ. ವರ್ಷಕ್ಕೊಮ್ಮೆ ಮತ್ತೆ ಬಳಿದರಾಯಿತು. ಅದೂ ಸಾಲದಿದ್ದರೆ ಆಮೇಲೆ ಹಾಳೆ. ಎರಡೂ ಸೇರಿದರೂ ಹೊರಗಿನ ಗಾಳಿಗಿಂತ ಒಳಗೆ ತಂಪಾದೀತು ಅಂತ ನಂಬಬೇಡಿ. ತಲೆ ಮೇಲಿನ ಝಳ ಇಳಿಯುತ್ತದೆ, ಅಷ್ಟೆ.

ಪಕ್ಕದ ತೆಲಂಗಾಣ 2023ರಲ್ಲೇ ತಂಪು ಚಾವಣಿಗೆಂದು ಒಂದು ನೀತಿ ತಂದಿದೆ. ನಮ್ಮಲ್ಲೂ ಬಡವರ ಮನೆ ಯೋಜನೆ ಮಾಡುವವರು ಸೂರಿನ ಅಳತೆ ಜೊತೆಗೆ ಅದರ ಕಾವನ್ನೂ ಲೆಕ್ಕಕ್ಕೆ ಹಿಡಿಯಲಿ. ಹಾಳೆ ಹಾಕಿಸಿದವರು ಖರ್ಚೆಷ್ಟು, ಕಾವು ಎಷ್ಟು ಇಳಿಯಿತು ಅಂತ ಪತ್ರಿಕೆಗೆ ಬರೆಯಿರಿ. ನಾಲ್ಕು ಜನಕ್ಕೆ ಉಪಯೋಗವಾದೀತು.