ಗುರುತು ಉಳಿಸೋದು ಪಾಸ್‌ವರ್ಡ್ ಅಲ್ಲ, ಗುರುತಿನವರು

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಮ್ಮೂರಿನ ಗೊಬ್ಬರದ ಅಂಗಡಿಯವರು ಫೋನ್ ಮಾಡಿ, ‘ದುಡ್ಡು ಮುಟ್ತೇನ್ರೀ?’ ಅಂದರು. ಯಾವ ದುಡ್ಡು ಅಂತ ನಾನು. ‘ರಾತ್ರಿ ನೀವೇ ಕೇಳಿದ್ರಲ್ಲ, ಆಸ್ಪತ್ರೆಗೆ ಅರ್ಜೆಂಟ್ ಅಂತ. ಮೂರು ಸಾವಿರ ಹಾಕೇನಿ.’

ನಾನು ಕೇಳಿರಲೇ ಇಲ್ಲ. ಅವತ್ತು ರಾತ್ರಿ ಒಂಬತ್ತಕ್ಕೇ ಮಲಗಿದ್ದೆ. ಯಾರೋ ನನ್ನ ಹೆಸರು, ನನ್ನ ಫೋಟೊ ಇಟ್ಟುಕೊಂಡು ಖಾತೆ ತೆರೆದು, ನನ್ನ ಪರಿಚಯದವರಿಗೆಲ್ಲ ಕೈ ಚಾಚಿದ್ದರು.

ಅಂಗಡಿಗೆ ಹೋಗಿ ಅವರ ಮುಂದೆ ನಿಂತೆ. ಅವರು ನನ್ನ ಮುಖ ನೋಡಿದರು, ಫೋನ್ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ‘ಆದ್ರ ಇದರಾಗ ನೀವೇ ಬರದಂಗ ಐತಲ್ರೀ’ ಅಂದರು. ಹತ್ತು ವರ್ಷದಿಂದ ನನ್ನನ್ನು ಕಂಡವರು. ಆ ಒಂದು ನಿಮಿಷ ಅವರ ಪಾಲಿಗೆ ಎದುರಿಗೆ ನಿಂತ ನನಗಿಂತ ಆ ಖಾತೆಯೇ ಅಸಲಿಯಾಗಿತ್ತು. ದುಡ್ಡು ಹೋದದ್ದಕ್ಕಿಂತ ನನಗೆ ನಾಟಿದ್ದು ಅದು.

ಮನೆಯಲ್ಲಿ ಇದನ್ನು ಹೇಳುತ್ತಿದ್ದಾಗ ಡಿಪ್ಲೊಮಾ ಓದುವ ಅಕ್ಕನ ಮಗ, ‘ಮಾವಾ, ಇದು ಲೇನ್ ಕಥೆ ಇದ್ದಂಗ ಐತಿ’ ಅಂದ. ಲೇನ್ ಯಾರು ಅಂದರೆ ಫೋನ್ ತೆಗೆದು ಜಪಾನಿನ ಒಂದು ಅನಿಮೆ ತೋರಿಸಿದ. ಅನಿಮೆ ಅಂದರೆ ಜಪಾನಿನವರು ಮಾಡುವ ಚಿತ್ರ ಬಿಡಿಸಿದ ಸಿನಿಮಾ, ಧಾರಾವಾಹಿಗಳು. ನಾವು ಕಾರ್ಟೂನ್ ಅಂದುಕೊಂಡು ಮಕ್ಕಳ ಕಡೆ ತಳ್ಳಿಬಿಡುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ನೋಡಲು ಕುಳಿತ ಮೇಲೆ ಆ ವಾರ ಪೂರ್ತಿ ಅದೇ ಗುಂಗು.

‘ಸೀರಿಯಲ್ ಎಕ್ಸ್‌ಪೆರಿಮೆಂಟ್ಸ್ ಲೇನ್’ ಬಂದದ್ದು 1998ರಲ್ಲಿ. ಹದಿಮೂರು ಕಂತು. ನಿರ್ದೇಶಕ ರ್ಯೂತಾರೊ ನಕಮುರ, ಬರೆದವರು ಚಿಯಾಕಿ ಕೊನಾಕ. ಆಗ ನಮ್ಮೂರಲ್ಲಿ ಎಸ್‌ಟಿಡಿ ಬೂತಿನ ಮುಂದೆ ಸರದಿ ನಿಲ್ಲುತ್ತಿದ್ದೆವು. ಇಂಟರ್‌ನೆಟ್ ಅನ್ನೋ ಪದವೇ ನಮ್ಮ ಕಿವಿಗೆ ಬಿದ್ದಿರಲಿಲ್ಲ.

ಲೇನ್ ಹದಿನಾಲ್ಕು ವರ್ಷದ ಮೌನದ ಹುಡುಗಿ. ಅವಳ ಶಾಲೆಯ ಹುಡುಗಿಯೊಬ್ಬಳು ಸತ್ತುಹೋಗಿರುತ್ತಾಳೆ. ಸತ್ತ ಮೇಲೂ ಅವಳ ಹೆಸರಲ್ಲಿ ಇ-ಮೇಲ್ ಬರುತ್ತದೆ: ನಾನು ದೇಹ ಬಿಟ್ಟಿದ್ದೇನೆ ಅಷ್ಟೇ, ಇಲ್ಲೇ ಇದ್ದೇನೆ ಅಂತ. ಲೇನ್ ಅಪ್ಪನಿಂದ ಹೊಸ ಕಂಪ್ಯೂಟರ್ ಪಡೆದು ಆ ಜಾಲದೊಳಗೆ ಹೋಗುತ್ತಾಳೆ. ಕಥೆಯಲ್ಲಿ ಅದಕ್ಕೆ ‘ವೈರ್ಡ್’ ಅಂತ ಹೆಸರು. ದಿನ ಕಳೆದಂತೆ ಅವಳ ಕೋಣೆ ತುಂಬ ಮೆಷಿನ್ನು, ಪೈಪು, ತಂತಿ. ಈ ಧಾರಾವಾಹಿಯಲ್ಲಿ ಮತ್ತೆ ಮತ್ತೆ ಬರುವ ದೃಶ್ಯ ರಸ್ತೆ ಮೇಲಿನ ಕರೆಂಟ್ ತಂತಿಗಳದು, ಅವುಗಳ ಗುಂಯ್ ಸದ್ದಿನದು. ರಾತ್ರಿ ಹೊಲಕ್ಕೆ ನೀರು ಬಿಡಲು ಹೋದವರಿಗೆ ಆ ಸದ್ದು ಹೊಸದಲ್ಲ.

ಒಂದು ದಿನ ಗೆಳತಿಯರು, ‘ನಿನ್ನನ್ನು ಕ್ಲಬ್ಬಿನಲ್ಲಿ ನೋಡಿದೆವು’ ಅನ್ನುತ್ತಾರೆ. ಲೇನ್ ಅಲ್ಲಿಗೆ ಹೋದವಳೇ ಅಲ್ಲ. ಅವಳದೇ ಮುಖದ, ಜೋರು ಬಾಯಿಯ ಇನ್ನೊಬ್ಬ ಲೇನ್ ಓಡಾಡುತ್ತಿರುತ್ತಾಳೆ. ಮುಂದೆ ಅವಳ ಒಬ್ಬಳೇ ಆಪ್ತ ಗೆಳತಿ ಆಲಿಸ್‌ಳ ಗುಟ್ಟೊಂದು ಜಾಲದಲ್ಲಿ ಹರಡಿ ಶಾಲೆ ತುಂಬ ಗುಸುಗುಸು. ಹರಡಿದ್ದು ಲೇನ್ ಅಂತಲೇ ಎಲ್ಲರ ಮಾತು. ನಾನಲ್ಲ ಅಂತ ಅವಳು ಹೇಳಬಹುದು, ಆದರೆ ಜಾಲದಲ್ಲಿರುವವಳಿಗೂ ಅದೇ ಮುಖ, ಅದೇ ಹೆಸರು. ಯಾರು ನಂಬಬೇಕು?

ಇದಕ್ಕೂ ಒಂದು ವರ್ಷ ಮೊದಲಿನದು ಸತೋಶಿ ಕೋನ್ ಅವರ ಮೊದಲ ಸಿನಿಮಾ ‘ಪರ್ಫೆಕ್ಟ್ ಬ್ಲೂ’, 1997ರದ್ದು. ಮೀಮಾ ಅನ್ನೋ ಹುಡುಗಿ ಹಾಡುವ ತಂಡ ಬಿಟ್ಟು ನಟಿಯಾಗಲು ಹೊರಡುತ್ತಾಳೆ. ಅಭಿಮಾನಿಗಳಿಗೆ ಅದು ಸಹಿಸದು. ಆಗ ‘ಮೀಮಾಳ ಕೋಣೆ’ ಅನ್ನೋ ವೆಬ್‌ಸೈಟ್ ಇದೆ ಅಂತ ಅವಳಿಗೆ ತಿಳಿಯುತ್ತದೆ. ಅವಳೇ ಬರೆದ ದಿನಚರಿಯ ಹಾಗೆ, ದಿನದ ಸಣ್ಣಪುಟ್ಟ ಸಂಗತಿಯೂ ಅದರಲ್ಲಿ ಇದೆ. ಮೊದಲು ನಗುತ್ತಾಳೆ, ಎಷ್ಟು ಸರಿಯಾಗಿ ಬರೆದಿದ್ದಾರೆ ಅಂತ. ಆಮೇಲೆ ಹೆದರುತ್ತಾಳೆ. ಯಾಕೆಂದರೆ ಆ ಮೀಮಾ, ನನಗೆ ನಟನೆ ಬೇಡ, ಇವರೆಲ್ಲ ಒತ್ತಾಯ ಮಾಡುತ್ತಿದ್ದಾರೆ ಅಂತ ಬರೆಯಲು ಶುರು ಮಾಡುತ್ತಾಳೆ. ಒಬ್ಬ ಹುಚ್ಚು ಅಭಿಮಾನಿಗೆ ಆ ಮೀಮಾಳೇ ಅಸಲಿ, ಜೀವಂತ ಮೀಮಾ ನಕಲಿ. ಕೊನೆಗೆ ಮೀಮಾಗೂ ತಾನು ಯಾರು ಅನ್ನೋ ಅನುಮಾನ ಹತ್ತುತ್ತದೆ. ಬರೆಯುತ್ತಿದ್ದವರು ಯಾರು ಅಂತ ಹೇಳಿ ಕಥೆ ಕೆಡಿಸೋದಿಲ್ಲ. ಹೊರಗಿನವರಲ್ಲ ಅಂತ ಮಾತ್ರ ಹೇಳುತ್ತೇನೆ. ಇದು ದೊಡ್ಡವರು ನೋಡುವ ಸಿನಿಮಾ, ಹಿಂಸೆಯ ದೃಶ್ಯಗಳಿವೆ. ಮಕ್ಕಳ ಕೈಗೆ ಕೊಡಬೇಡಿ.

ಇವೆರಡನ್ನು ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಜಾಲದಲ್ಲಿ ಇರುವ ‘ನಾನು’ ನನ್ನೊಬ್ಬನ ಕೈಯಲ್ಲಿ ಇಲ್ಲ. ಬೇರೆಯವರೂ ನನ್ನನ್ನು ತಯಾರು ಮಾಡಬಹುದು, ನನಗಿಂತ ಚೆನ್ನಾಗಿ. ಪಾಸ್‌ವರ್ಡ್ ಎಷ್ಟು ಗಟ್ಟಿ ಇಟ್ಟರೂ ಅದು ನನ್ನ ಖಾತೆಗೆ ಬೀಗ. ನನ್ನ ಹೆಸರಿಗೆ, ಮುಖಕ್ಕೆ ಬೀಗ ಹಾಕಲು ಆಗದು. ‘ಇವನು ಹಾಗೆ ಮಾಡೋನಲ್ಲ’ ಅಂತ ಹೇಳುವ ನಾಲ್ಕು ಜನ ಇದ್ದರೆ ಮಾತ್ರ ನಕಲಿ ಸಾಯುತ್ತಾನೆ.

ಲೇನ್ ಕಥೆಯಲ್ಲಿ ಆ ಕೆಲಸ ಮಾಡುವವಳು ಆಲಿಸ್. ದೇಹ ಬೇಕಿಲ್ಲ, ಎಲ್ಲರೂ ಜಾಲದಲ್ಲೇ ಒಂದಾಗಬಹುದು ಅನ್ನುವ ಹಂತಕ್ಕೆ ಲೇನ್ ಹೋಗಿರುತ್ತಾಳೆ. ಅದೇ ಆಲಿಸ್, ತನ್ನ ಗುಟ್ಟು ಬಯಲಾಗಿ ನೊಂದವಳು, ಮನೆಗೆ ಬಂದು ಲೇನ್‌ಳ ಕೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಹೃದಯ ಬಡಿಯುತ್ತಿದೆ, ಭಯದಿಂದ ಜೋರಾಗಿ. ಇಡೀ ಧಾರಾವಾಹಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ದೃಶ್ಯ ಅದು.

ಹಾಗಂತ ಜಾಲವೇ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಅಕ್ಕನ ಮಗ ಕೂಡ ಒಪ್ಪಲಿಲ್ಲ. ಅವನು ತೋರಿಸಿದ ಮೂರನೆಯದು ಮಮೊರು ಹೊಸೊದಾ ಅವರ ‘ಬೆಲ್’, 2021ರದ್ದು. ಇದರ ನಾಯಕಿ ಸುಝು ಕೊಚಿ ಪ್ರಾಂತ್ಯದ ಹಳ್ಳಿ ಹುಡುಗಿ. ಚಿಕ್ಕವಳಿದ್ದಾಗ ಅವಳ ಅಮ್ಮ ಉಕ್ಕಿ ಹರಿಯುವ ಹೊಳೆಗೆ ಇಳಿದು, ಪರರ ಮಗುವನ್ನು ಉಳಿಸಿ ತಾನು ಸತ್ತಿರುತ್ತಾಳೆ. ಗುರುತಿಲ್ಲದ ಜನ ಜಾಲದಲ್ಲಿ ಕೂತು, ತನ್ನ ಮಗಳನ್ನು ಬಿಟ್ಟು ಹೋದಳು ಅಂತ ಆ ತಾಯಿಗೇ ಬೈಯುತ್ತಾರೆ. ಅವತ್ತಿನಿಂದ ಸುಝುಗೆ ಹಾಡಲು ಬಾಯಿ ಬರುವುದಿಲ್ಲ.

‘ಯು’ ಅನ್ನೋ ಜಾಲಲೋಕದಲ್ಲಿ ಬೇರೆ ಮುಖ, ಬೇರೆ ಹೆಸರು ಸಿಕ್ಕಾಗ ಅವಳು ಮತ್ತೆ ಹಾಡುತ್ತಾಳೆ. ಅಂದರೆ ಮುಖವಾಡ ಅವಳಿಗೆ ದನಿ ಕೊಟ್ಟಿತು. ಸಂಕೋಚದ ಎಷ್ಟೋ ಹಳ್ಳಿ ಹುಡುಗಿಯರಿಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಮನೆಯಲ್ಲಿ ಅಪ್ಪನ ಹೊಡೆತ ತಿನ್ನುತ್ತಿದ್ದ ಇಬ್ಬರು ಹುಡುಗರನ್ನು ಕಾಪಾಡಬೇಕಾದಾಗ ಮುಖವಾಡ ಸಾಲದು. ಅವರು ಅವಳನ್ನು ನಂಬಬೇಕಲ್ಲ. ಅವಳು ಎಲ್ಲರ ಮುಂದೆ ತನ್ನ ಸ್ವಂತ ಮುಖದಲ್ಲಿ ಹಾಡುತ್ತಾಳೆ. ಆಮೇಲೆ ಊರಿಂದ ಹೊರಟು ಅವರಿದ್ದಲ್ಲಿಗೇ ಹೋಗಿ, ಆ ಅಪ್ಪನ ಎದುರು ಅಡ್ಡ ನಿಲ್ಲುತ್ತಾಳೆ.

ಈ ಜಪಾನಿನ ಕಥೆ ನಮಗ್ಯಾಕೆ ಅಂತ ಕೇಳಬೇಡಿ. 2018ರ ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೆನಪಿದೆಯೇ? ಹೈದರಾಬಾದಿನಿಂದ ಬಂದಿದ್ದ ಯುವಕರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅನ್ನೋ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಿದು ಅವರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಗುಂಪು ಸೇರಿ ಹೊಡೆಯಿತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತುಹೋದ. ಅಲ್ಲಿ ಸತ್ತದ್ದು ಒಬ್ಬ ಮನುಷ್ಯ, ಜನ ಹೊಡೆದದ್ದು ಫೋನಿನಲ್ಲಿ ಬಂದ ಇನ್ನೊಬ್ಬನನ್ನು. ಆ ಯುವಕನ ಗುರುತಿನವರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡಬಹುದು ಅನ್ನೋ ಮಿತಿ ತಂದಿತು. ಐದಾದರೂ ಐದೇ, ಒಂದಾದರೂ ಒಂದೇ. ಬೆರಳು ಒತ್ತೋರು ನಾವೇ ಅಲ್ಲವೇ?

ಇದರಲ್ಲಿ ನಮ್ಮ ವರದಿಗಾರರ ಪಾಲೂ ಇದೆ. ಗ್ರೂಪಿನಲ್ಲಿ ಬಂದ ಫೋಟೊವನ್ನು ಸ್ಥಳಕ್ಕೆ ಹೋಗದೆ ಡೆಸ್ಕಿಗೆ ಕಳಿಸಿದ ದಿನಗಳು ನನಗೂ ಇವೆ. ಮೂವತ್ತು ಕಿಲೋಮೀಟರ್ ಬೈಕ್ ಓಡಿಸಲು ಪೆಟ್ರೋಲ್ ದುಡ್ಡು ಯಾರೂ ಕೊಡೋದಿಲ್ಲ, ನಿಜ. ಆದರೂ ಆ ಫೋಟೊದಲ್ಲಿ ಇದ್ದವರಿಗೆ ಒಂದು ಫೋನ್ ಮಾಡಬಹುದಿತ್ತು.

ಹಾಗಾಗಿ ನನ್ನ ಮಾತು ಇಷ್ಟೇ. ಮಗನಿಗೆ, ಮಗಳಿಗೆ ಫೋನ್ ಕೊಡಿಸುವಾಗ ಡೇಟಾ ಪ್ಯಾಕ್ ಬಗ್ಗೆ ಮಾತ್ರ ಮಾತಾಡಬೇಡಿ. ಕಾಲೇಜು ಹುಡುಗರಿದ್ದರೆ ಅವರ ಜೊತೆ ಕೂತು ಲೇನ್ ನೋಡಿ, ಚಿಕ್ಕವರಿದ್ದರೆ ಬೆಲ್ ನೋಡಿ. ಪರಿಚಯದವರ ಹೆಸರಲ್ಲಿ ಕೆಟ್ಟದ್ದು ಕಂಡರೆ ಇನ್ನೊಬ್ಬರಿಗೆ ತೋರಿಸುವ ಮೊದಲು ಅವರಿಗೇ ಫೋನ್ ಮಾಡಿ, ಹತ್ತಿರವಿದ್ದರೆ ಮನೆಗೆ ಹೋಗಿ. ನಿಮ್ಮೂರ ಹುಡುಗಿಯ ಫೋಟೊ ಯಾರಾದರೂ ಕೆಡಿಸಿ ಹರಿಬಿಟ್ಟರೆ ಮೊದಲು ಅವಳ ಪಕ್ಕ ನಿಲ್ಲಿ, ಪ್ರಶ್ನೆ ಆಮೇಲೆ. ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ನಾವು ಮಾರನೇ ದಿನ ಮಾಡಿದೆವು, ಮೂರು ಸಾವಿರ ವಾಪಸ್ ಬರಲಿಲ್ಲ.

ಗೊಬ್ಬರದ ಅಂಗಡಿಯವರು ಈಗ ಹುಷಾರಾಗಿದ್ದಾರೆ. ಯಾರಾದರೂ ಮೆಸೇಜಿನಲ್ಲಿ ದುಡ್ಡು ಕೇಳಿದರೆ ತಾವೇ ತಿರುಗಿ ಫೋನ್ ಮಾಡುತ್ತಾರೆ. ಮೊನ್ನೆ ನಾನು ನಿಜವಾಗಿಯೂ ಐನೂರು ರೂಪಾಯಿ ಕೇಳಿ ಮೆಸೇಜ್ ಹಾಕಿದ್ದೆ. ಫೋನ್ ಬಂತು. ‘ನಿಮ್ಮ ಹಳೇ ಬೈಕ್ ಎಲ್ಲಿ ಕೆಟ್ಟು ನಿಂತಿತ್ತು, ಹೇಳ್ರಿ’ ಅಂದರು. ಹಳ್ಳದ ಸೇತುವೆ ಹತ್ತಿರ, ನೀವೇ ದೂಡಿದ್ರಿ ಅಂದೆ. ಅವರು ನಕ್ಕರು. ‘ಈಗ ನೀವೇ’ ಅಂದರು.