ಬೆಳಕಿನ ತೆರೆಯೂ ಧಣಿಯ ಹೊಣೆಯೂ

ತಗಡನ್ನು ಒತ್ತಿ ಕತ್ತರಿಸುವ ಪವರ್ ಪ್ರೆಸ್ಸಿನ ಮುಂದೆ ದಿನವೂ ದುಡಿಯುವವನ ಬೆರಳುಗಳು ಎಂಥ ಅಪಾಯದಲ್ಲಿರುವುವೆಂಬುದನ್ನು ಕಾರಖಾನೆಗಳ ಪರಿಚಯವುಳ್ಳ ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ. ಬೆಂಗಳೂರಿನ ಪೀಣ್ಯವೇ ಮೊದಲಾದ ಕೈಗಾರಿಕಾ ಪ್ರದೇಶಗಳಲ್ಲಿ ಸಣ್ಣ ಸಣ್ಣ ಷೆಡ್ಡುಗಳಲ್ಲಿಯೂ ಇಂಥ ಯಂತ್ರಗಳು ನಡೆಯುತ್ತಿವೆ. ಕೈಗಳ ರಕ್ಷಣೆಗೆಂದು ಕೆಲವು ಧಣಿಗಳು ‘ಲೈಟ್ ಕರ್ಟನ್’ ಎಂಬ ಬೆಳಕಿನ ತೆರೆಯನ್ನು ಹಾಕಿಸುತ್ತಿರುವರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ತೆರೆಯನ್ನು ಕೊಂಡ ಮಾತ್ರಕ್ಕೆ ತಮ್ಮ ಹೊಣೆ ತೀರಿತೆಂದು ಭಾವಿಸುವವರೂ ಉಂಟು. ಆ ಭ್ರಮೆಯನ್ನು ಕುರಿತು ಎರಡು ಮಾತು ಹೇಳುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ಯಂತ್ರದ ಬಾಯಿಯ ಒಂದು ಪಕ್ಕದ ಕಂಬದಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳು ಸಾಲಾಗಿ ಹೊರಟು ಎದುರಿನ ಕಂಬವನ್ನು ಸೇರುವುವು. ನಡುವೆ ಕೈ ಅಡ್ಡಬಂದು ಒಂದು ಕಿರಣ ಕಡಿದರೂ ಯಂತ್ರಕ್ಕೆ ನಿಲ್ಲೆಂಬ ಆಜ್ಞೆ ಹೋಗುವುದು. ಅದರ ಕೆಲಸ ಇಷ್ಟೇ. ಕಬ್ಬಿಣದ ಬೇಲಿಯಂತೆ ಅದು ಕೈಯನ್ನು ತಡೆಯಲಾರದು; ಸಿಡಿದುಬರುವ ಚೂರನ್ನೂ ತಡೆಯಲಾರದು. ಆಜ್ಞೆ ಕೊಡುವುದು ತೆರೆ, ನಿಲ್ಲಬೇಕಾದುದು ಯಂತ್ರ. ಇವೆರಡರ ನಡುವಣ ಕ್ಷಣದಲ್ಲಿಯೇ ಬೆರಳಿನ ಅಳಿವು ಉಳಿವು ಅಡಗಿರುವುದು.

ಆದುದರಿಂದ ಮೊದಲನೆಯ ಪ್ರಶ್ನೆ ದೂರದ್ದು. ಐಎಸ್‌ಒ 13855 ಎಂಬ ಅಂತರರಾಷ್ಟ್ರೀಯ ಮಾನಕವು, ಅಪಾಯದ ಜಾಗಕ್ಕೆ ಸಮೀಪದಲ್ಲಿರುವ ತೆರೆಗೆ, ಕೈಯ ವೇಗವನ್ನು ಸೆಕೆಂಡಿಗೆ 2 ಮೀಟರೆಂದು ಎಣಿಸುತ್ತದೆ. ತೆರೆ, ವಿದ್ಯುತ್ ಸಲಕರಣೆ, ಬ್ರೇಕು ಎಲ್ಲ ಸೇರಿ ಯಂತ್ರ ನಿಲ್ಲಲು ಸೆಕೆಂಡಿನ ಐದನೆಯ ಒಂದು ಪಾಲು ಹಿಡಿದರೆ, ಅಷ್ಟರಲ್ಲಿ ಕೈ 40 ಸೆಂಟಿಮೀಟರು ಒಳಹೋಗಬಲ್ಲುದು. 14 ಮಿಲಿಮೀಟರು ದಪ್ಪದ ಬೆರಳನ್ನು ಗುರುತಿಸುವ ತೆರೆಯೂ ಡೈಯಿಂದ ಅಷ್ಟು ದೂರ ಇರಲೇಬೇಕು. 30 ಮಿಲಿಮೀಟರು ದಪ್ಪದ ಅಂಗೈಯನ್ನು ಮಾತ್ರ ಗುರುತಿಸುವ ತೆರೆಯಾದರೆ ಇನ್ನೂ ದೂರ ಇರತಕ್ಕದ್ದು. ಬ್ರೇಕು ಸವೆದು ಆ ಕಾಲವು ಕಾಲು ಸೆಕೆಂಡಿಗೆ ಏರಿದರೆ 40 ಸಾಲದು, 50 ಸೆಂಟಿಮೀಟರು ಬೇಕು. ಕೆಲಸಕ್ಕೆ ಅಡ್ಡಿಯೆಂದು ತೆರೆಯನ್ನು ಡೈಯ ಹತ್ತಿರಕ್ಕೆ ಸರಿಸುವವನು ರಕ್ಷಣೆಯ ಹೆಸರಿನಲ್ಲಿ ಬಲೆಯನ್ನೇ ಒಡ್ಡಿದಂತಾಯಿತು.

ಎರಡನೆಯದು ಯಂತ್ರದ ಯೋಗ್ಯತೆ. ಹಳೆಯ ಮಾದರಿಯ ಕೀ ಕ್ಲಚ್ಚಿನ ಪ್ರೆಸ್ಸು ಒಮ್ಮೆ ಹಿಡಿಯಿತೆಂದರೆ ಪೂರ್ತಿ ಒಂದು ಸುತ್ತು ಮುಗಿಯುವ ತನಕ ನಿಲ್ಲದು. ಅಂಥದಕ್ಕೆ ತೆರೆ ಎಷ್ಟು ಬೇಗ ಆಜ್ಞೆ ಕೊಟ್ಟರೂ ಫಲವಿಲ್ಲ. ಅಮೆರಿಕ ದೇಶದ ನಿಯಮಗಳು ಇಂಥ ಪ್ರೆಸ್ಸಿಗೆ ಈ ಸಾಧನವನ್ನು ಸ್ಪಷ್ಟವಾಗಿ ನಿಷೇಧಿಸಿವೆ. ಅದಕ್ಕೆ ಸ್ಥಿರವಾದ ಕಬ್ಬಿಣದ ಬೇಲಿಯೇ ಸರಿ.

ಮೂರನೆಯದು ಮನುಷ್ಯರ ನಡತೆ. ತಯಾರಿಕೆ ಕುಂಠಿತವಾಗುವುದೆಂದು ತೆರೆಯ ತಂತಿಯನ್ನು ಮರೆಯಲ್ಲಿ ಬೇರೆಡೆಗೆ ಜೋಡಿಸಿ, ಹಸಿರು ದೀಪವನ್ನು ಮಾತ್ರ ಉರಿಯಬಿಡುವುದುಂಟು. ನಗದ ಲೆಕ್ಕದಲ್ಲಿ ಕೂಲಿ ಪಡೆಯುವ ಕೆಲಸಗಾರನೂ ಇದಕ್ಕೆ ಒಪ್ಪಬಹುದು. ಆದರೆ ಹೊಟ್ಟೆಯ ಕಷ್ಟದಿಂದ ಬಂದ ಅವನ ಒಪ್ಪಿಗೆಯು ಧಣಿಯ ದೋಷವನ್ನು ತೊಳೆಯದು. ನಿಜಕ್ಕೂ ಸರಿಯಾಗಿ ಕೂರಿಸಿದ ತೆರೆ ಕೆಲಸವನ್ನು ತಡಮಾಡುವುದಿಲ್ಲ. ಪ್ರತಿ ಸಲ ಬಾಗಿಲು ತೆಗೆದು ಮುಚ್ಚುವ ಶ್ರಮವನ್ನೇ ಅದು ಉಳಿಸುತ್ತದೆ.

ಮಾಡಬೇಕಾದುದು ಕಷ್ಟದ್ದಲ್ಲ. ಪ್ರತಿ ಪಾಳಿಯ ಆರಂಭದಲ್ಲಿಯೂ ಡೈ ಬದಲಿಸಿದ ಬಳಿಕವೂ ನಿಗದಿಯಾದ ದಪ್ಪದ ಪರೀಕ್ಷಾ ಕೋಲನ್ನು ತೆರೆಯ ಮೇಲೆ, ನಡುವೆ, ಕೆಳಗೆ ಆಡಿಸಿ ನೋಡತಕ್ಕದ್ದು. ಯಂತ್ರ ನಿಲ್ಲಲು ಹಿಡಿಯುವ ಕಾಲವನ್ನು ಉಪಕರಣದಿಂದ ಆಗಾಗ ಅಳೆದು ಬರೆದಿಡತಕ್ಕದ್ದು. ತೆರೆಯ ಮೇಲಿನಿಂದಾಗಲಿ ಪಕ್ಕದಿಂದಾಗಲಿ ಕೈ ತೂರದಂತೆ ತಗಡು ಹೊದಿಸತಕ್ಕದ್ದು. ಒಳಗೆ ಮನುಷ್ಯ ನಿಲ್ಲುವಷ್ಟು ಎಡೆಯಿದ್ದರೆ, ಕೈ ತೆಗೆದೊಡನೆ ಯಂತ್ರ ತಾನಾಗಿ ಹೊರಡಕೂಡದು. ಪುನಃ ಹೊರಡಿಸುವ ಗುಂಡಿಯು ಒಳಗಿನವನ ಕೈಗೆ ಎಟುಕದೆ, ಒಳಗೆಲ್ಲ ಕಾಣುವಂತೆ ಹೊರಗಿರತಕ್ಕದ್ದು.

ಯಂತ್ರದ ಅಪಾಯಕರ ಭಾಗಗಳಿಗೆ ಭದ್ರವಾದ ಬೇಲಿ ಇರಲೇಬೇಕೆಂದು 1948ರ ಕಾರಖಾನೆಗಳ ಕಾಯಿದೆಯ 21ನೆಯ ಕಲಮು ವಿಧಿಸಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಸಂಹಿತೆಯೂ ಕೆಲಸದ ಸ್ಥಳವನ್ನು ಅಪಾಯರಹಿತವಾಗಿಡುವ ಹೊಣೆಯನ್ನು ಧಣಿಯ ಮೇಲೆಯೇ ಇಟ್ಟಿದೆ. ತನಿಖೆಗೆ ಬರುವ ಅಧಿಕಾರಿಗಳು ತೆರೆ ಇದೆಯೇ ಎಂದು ಕೇಳಿ ಹೊರಟುಹೋಗದೆ, ಕೋಲನ್ನು ಹಿಡಿದು ನಿಲ್ಲಿಸಿ ನೋಡಲಿ; ದೂರವನ್ನು ಅಳೆಯಲಿ. ಸಣ್ಣ ಷೆಡ್ಡುಗಳಿಂದ ಬಿಡಿಭಾಗ ಕೊಳ್ಳುವ ದೊಡ್ಡ ಕಂಪೆನಿಗಳವರು ದರದ ಜತೆಗೆ ಈ ಲೆಕ್ಕವನ್ನೂ ಕೇಳಲಿ.

ಕೆಟ್ಟ ಮೇಲೆ ಬುದ್ಧಿ ಬಂತೆಂಬ ಗಾದೆ ಯಂತ್ರದ ಮುಂದೆ ಬಹು ಕ್ರೂರವಾಗಿ ನಿಜವಾಗುತ್ತದೆ. ದೇಶದ ಕೈಗಾರಿಕೆ ಬೆಳೆಯಲೆಂದು ಹಾರೈಸುವವರಲ್ಲಿ ನಾವು ಯಾರಿಗೂ ಹಿಂದಲ್ಲ. ಆದರೆ ಅದನ್ನು ಬೆಳೆಸುತ್ತಿರುವ ಕೈಗಳು ಮೊದಲು ಉಳಿಯಬೇಕು. ಪರಿಹಾರದ ಹಣ ಎಷ್ಟು ಕೊಟ್ಟರೂ ಹೋದ ಬೆರಳು ಮರಳಿ ಬಾರದೆಂಬುದನ್ನು ಧಣಿಗಳು ಇಂದೇ ಮನಗಂಡು, ನಾಳೆಯ ಪಾಳಿಗೆ ಮುಂಚೆ ತಮ್ಮ ತೆರೆಗಳನ್ನು ತಾವೇ ನಿಂತು ಪರೀಕ್ಷಿಸುವರೆಂದು ನಂಬಿದ್ದೇವೆ.